ಮೂರು ಸಲ ಬಳಿದ ಗೋಡೆ

ಮನೆ ಕೊಳ್ಳುವ ಮುಂಚೆ ಅದನ್ನು ನೋಡಿ ‘ಆಗಬಹುದು’ ಅಂದವಳು ಸೊಸೆಯೇ. ಹದಿನಾಲ್ಕು ವರ್ಷದಿಂದ ಎಲೆಕ್ಟ್ರಿಷಿಯನ್ ಕೆಲಸ ಮಾಡಿಕೊಂಡು ಬಂದವಳು, ನೂರಾರು ಮನೆಗಳ ಗೋಡೆ ಕೊರೆದವಳು. ಕಟ್ಟಿ ಎರಡು ವರ್ಷವಾಗಿದ್ದ ಆ ಮನೆಯ ಪ್ರತಿ ಸ್ವಿಚ್ ಬೋರ್ಡನ್ನೂ ಬಿಚ್ಚಿ ತಂತಿ ನೋಡಿದ್ದಳು, ನಲ್ಲಿ ತಿರುಗಿಸಿದ್ದಳು, ಗೋಡೆಗಳನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ್ದಳು. ಹಾಗಾಗಿ ಮೂರನೇ ತಿಂಗಳಲ್ಲಿ ಹಿಂದಿನ ಕೋಣೆಯ ಅಡ್ಡಗೋಡೆ ಉದುರತೊಡಗಿದಾಗ ಅತ್ತೆಯ ಬಾಯಿಗೆ ಸಿಕ್ಕವಳೂ ಅವಳೇ.

ಅದು ಅತ್ತೆ ಮಲಗುವ ಕೋಣೆ. ಬೆಳಿಗ್ಗೆ ಎದ್ದರೆ ಹೊದಿಕೆಯ ಮೇಲೆಲ್ಲ ಗಾರೆಯ ಚೂರು. ಗೋಡೆಯ ತುಂಬ ನಾಣ್ಯದಗಲದ ಗುಳಿಗಳು, ಪ್ರತಿ ಗುಳಿಯ ನಡುವೆ ಒಂದು ಬಿಳಿ ಚುಕ್ಕೆ. ಅತ್ತೆ ಆ ಚೂರುಗಳನ್ನು ದಿನಾ ತಟ್ಟೆಯಲ್ಲಿ ಗುಡ್ಡೆ ಹಾಕಿ ಊಟದ ಮೇಜಿನ ಮೇಲೆ ತಂದಿಡುತ್ತಿದ್ದರು.

“ನೋಡಮ್ಮ, ನೀನು ಬಡಿದು ನೋಡಿದ ಗೋಡೆ. ಉಪ್ಪು ಕಮ್ಮಿ ಅನ್ನಿಸಿದವರು ಉದುರಿಸಿಕೊಳ್ಳಲಿ.”

ಗಂಡ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಸೊಸೆಗೆ ಪರಿಚಯದ ಗಾರೆ ಮೇಸ್ತ್ರಿಯೊಬ್ಬ ಬಂದು ಒಂದು ಇಟ್ಟಿಗೆ ಒಡೆದು ತೋರಿಸಿದ. ಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳು ಸೇರಿದೆ, ಇಟ್ಟಿಗೆ ಸುಟ್ಟಾಗ ಅದು ಸುಟ್ಟ ಸುಣ್ಣವಾಗಿದೆ, ಈಗ ತೇವ ಹೀರಿದ ಹಾಗೆಲ್ಲ ಊದಿಕೊಂಡು ಗಾರೆಯನ್ನು ಹೊರಕ್ಕೆ ತಳ್ಳುತ್ತಿದೆ ಅಂದ. ಚಾವಣಿಯ ಭಾರ ಈ ಗೋಡೆಯ ಮೇಲಿಲ್ಲದ್ದು ಪುಣ್ಯ. ಕೆಡವಿ ಕಟ್ಟದೆ ಬೇರೆ ದಾರಿಯಿಲ್ಲ ಅಂದ.

ಮನೆ ಮಾರಿದವರು ಇಟ್ಟಿಗೆ ಗೂಡಿನ ಯಜಮಾನರು. ಆ ಮನೆಗೆ ತಮ್ಮ ಗೂಡಿನದೇ ಇಟ್ಟಿಗೆ ಹಾಕಿಸಿದ್ದರು. ಮಾರಾಟದ ನಮೂನೆಯಲ್ಲಿ ‘ಗೋಡೆ, ಚಾವಣಿ, ತಳಪಾಯದಲ್ಲಿ ನಿಮಗೆ ತಿಳಿದ ದೋಷವಿದೆಯೇ’ ಎಂಬ ಸಾಲಿನ ಎದುರು ‘ಇಲ್ಲ’ ಎಂದು ಬರೆದು ರುಜು ಹಾಕಿದ್ದರು. ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ದುರಸ್ತಿ ಅವರ ತಲೆಗೆ, ಗೊತ್ತಿರದಿದ್ದರೆ ಕೊಂಡವರ ತಲೆಗೆ. ಮನೆ ಮಾರಾಟದ ತಕರಾರು ಕಚೇರಿಗೆ ದೂರು ಕೊಟ್ಟಾಗ ಯಜಮಾನರು ನಕ್ಕು, ಸಿಕ್ಕಲ್ಲೆಲ್ಲ ಮೊಳೆ ಹೊಡೆದರೆ ಗೋಡೆ ಇನ್ನೇನು ಮಾಡುತ್ತೆ ಅಂದಿದ್ದರು. ಗೋಡೆಗೆ ಇವರು ಹೊಡೆದಿದ್ದು ಒಂದೇ ಮೊಳೆ, ಕ್ಯಾಲೆಂಡರಿಗೆ.

ವಿಚಾರಣೆಗೆ ಒಂದು ವಾರವಿರುವಾಗ, ಚೂರು ಬೀಳದ ಕಡೆಗೆ ಅತ್ತೆಯ ಮಂಚ ಸರಿಸಬೇಕಾಯಿತು. ಅದರ ಜೊತೆ ದೀಪದ ಸ್ವಿಚ್ಚೂ ಸರಿಯಬೇಕು. ಸೊಸೆ ಆ ಉದುರುವ ಗೋಡೆಯ ಬೋರ್ಡಿನ ತಿರುಪು ಬಿಚ್ಚಿದಳು. ಪ್ಲೇಟು ಕೈಜಾರಿ ನೆಲಕ್ಕೆ ಬಿದ್ದು ಮಗುಚಿಕೊಂಡಿತು. ಅದರ ಹಿಂಬದಿಯಲ್ಲಿ ಪೆನ್ಸಿಲಿನ ಅಕ್ಷರಗಳಿದ್ದವು. ಒಂದರ ಕೆಳಗೊಂದು ಮೂರು ಸಾಲು, ಮೂರು ತಾರೀಕು. ಕೊನೆಯ ಸಾಲು: ‘ಕೆನೆ ಬಣ್ಣ 214. ಪುಟ್ಟಿ ಮೂರನೇ ಸಲ. ಅದೇ ಗೋಡೆ.’ ಬಣ್ಣಕ್ಕೆ ಮುಂಚೆ ಗುಳಿ ಮುಚ್ಚಲು ಮೆತ್ತುವ ಪುಟ್ಟಿ, ಅದೂ ಮೂರು ಸಲ. ತಾರೀಕು ನಮೂನೆಗೆ ರುಜು ಹಾಕುವುದಕ್ಕೆ ಐದು ವಾರ ಮುಂಚಿನದು.

ಕೊಳ್ಳುವ ಮುಂಚೆ ಇದೇ ಪ್ಲೇಟನ್ನು ಅವಳು ಬಿಚ್ಚಿದ್ದಳು. ಬೋರ್ಡು ಬಿಚ್ಚಿದ ಎಲೆಕ್ಟ್ರಿಷಿಯನ್ ಕಣ್ಣು ಹೋಗುವುದು ತಂತಿಯ ಮೇಲೆ. ಪ್ಲೇಟಿನ ಬೆನ್ನನ್ನು ಯಾರು ತಿರುಗಿಸಿ ನೋಡುತ್ತಾರೆ?

ಬಣ್ಣದ ಅಂಗಡಿಯವರು ಆ ಅಕ್ಷರ ನೋಡಿದ ಕೂಡಲೇ ಪೇಂಟರ್ ಯಾರೆಂದು ಹೇಳಿಬಿಟ್ಟರು. ಮುಂದೆಂದಾದರೂ ಅದೇ ಬಣ್ಣ ಹೊಂದಿಸಬೇಕಾಗಿ ಬಂದರೆ ಇರಲಿ ಎಂದು ಹಾಗೆ ಬರೆದಿಡುವವನು ಇಡೀ ಊರಿಗೆ ಅವನೊಬ್ಬನೇ. ಪೇಂಟರಣ್ಣ ಅವಳನ್ನು ಬಾಗಿಲಲ್ಲೇ ನಿಲ್ಲಿಸಿದ. ವರ್ಷದ ಅರ್ಧ ಕೆಲಸ ನನಗೆ ಬರುವುದು ಯಜಮಾನರಿಂದ, ಕರೆದರೆ ಬಂದು ‘ಅಕ್ಷರ ನನ್ನದು’ ಅನ್ನುತ್ತೇನೆ, ಅದರಾಚೆ ನನ್ನ ಬಾಯಿ ಬಿಡಿಸಬೇಡ ಮಗಳೇ ಅಂದ.

ಹೇಳಿದಂತೆಯೇ ವಿಚಾರಣೆಗೆ ಬಂದ. ಕೊನೆಯ ಕುರ್ಚಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ, ಅಕ್ಷರ ತನ್ನದು ಅಂದ, ಸುಮ್ಮನಾದ. ಮೂರು ಸಲ ಬಳಿದದ್ದು ಸರಿ, ಇಟ್ಟಿಗೆ ಕೆಟ್ಟಿದ್ದು ಮಾಲೀಕರಿಗೆ ಗೊತ್ತಿತ್ತು ಎಂದು ಇದರಿಂದ ಸಾಬೀತಾಗುವುದಿಲ್ಲವಲ್ಲ ಎಂದರು ವಿಚಾರಣೆ ನಡೆಸುತ್ತಿದ್ದ ಅಧಿಕಾರಿ. ಯಜಮಾನರು ಅಲ್ಲಿಗೇ ಬಿಟ್ಟಿದ್ದರೆ ಗೆದ್ದುಬಿಡುತ್ತಿದ್ದರೇನೋ. ಬಿಡಲಿಲ್ಲ.

“ಬಳಿಸಿದ್ದು ನಿಜ ಮೇಡಂ. ಯಾಕೆ ಅಂದ್ರೆ ಇವನಿಗೆ ಕೆಲಸ ಬರಲ್ಲ. ಹಸಿ ಗೋಡೆಗೆ ಪುಟ್ಟಿ ಮೆತ್ತಿದ, ಉದುರಿತು. ಮೂರು ಸಲಾನೂ ಕೆಡಿಸಿದ.”

ಪೇಂಟರಣ್ಣ ಎದ್ದು ನಿಂತ. ಅವಸರ ಮಾಡಲಿಲ್ಲ.

“ಮೂವತ್ತೊಂದು ವರ್ಷ ಆಯ್ತಮ್ಮಾ ನಾನು ಬ್ರಷ್ ಹಿಡಿದು. ಕೆಲಸ ಬರಲ್ಲ ಅನ್ನಿಸಿಕೊಂಡಿದ್ದು ಇವತ್ತೇ.”

ಚೀಲದಿಂದ ಬಣ್ಣದ ಕಲೆ ಹತ್ತಿದ ಒಂದು ಲೆಕ್ಕದ ಪುಸ್ತಕ ತೆಗೆದು ಅಧಿಕಾರಿಯ ಮುಂದಿಟ್ಟ. ತನ್ನ ಮಾತು ಮೀರಿ ಮಾಲೀಕರು ಬಣ್ಣ ಹಚ್ಚಿಸಿದರೆ ಅದನ್ನು ಬರೆದು ಅವರ ರುಜು ಹಾಕಿಸಿಕೊಳ್ಳದೆ ಡಬ್ಬ ತೆರೆಯುವವನಲ್ಲ ಅವನು. ಆಮೇಲೆ ಬೈಗುಳ ತಿನ್ನಬಾರದಲ್ಲ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: “ಗೋಡೆ ಒಣಗಿದೆ. ಇಟ್ಟಿಗೆಯಲ್ಲಿ ಸುಣ್ಣದ ಹರಳಿದೆ. ಬಣ್ಣ ನಿಲ್ಲುವುದಿಲ್ಲ ಎಂದು ತಿಳಿಸಿದ್ದೇನೆ. ಮಾಲೀಕರು ಒಪ್ಪಿ ಹಚ್ಚಿಸಿದ್ದಾರೆ.”

ಕೆಳಗೆ ಪ್ಲೇಟಿನಲ್ಲಿದ್ದ ಕೊನೆಯ ತಾರೀಕು, ಯಜಮಾನರ ರುಜು. ಮಾರಾಟದ ನಮೂನೆಯಲ್ಲಿದ್ದ ಅದೇ ರುಜು, ಅದೇ ಉದ್ದ ಬಾಲ.

“ಇದು ನಿಮ್ಮದೇನಾ?” ಎಂದು ಅಧಿಕಾರಿ ಕೇಳಿದರು. ಯಜಮಾನರು ಪುಸ್ತಕ ನೋಡಿದರು, ಕಿಟಕಿ ನೋಡಿದರು.

ಗೋಡೆ ಕೆಡವಿ, ಕೊಂಡವರು ಆರಿಸಿದ ಇಟ್ಟಿಗೆಯಲ್ಲಿ, ಮಾರಿದವರ ಖರ್ಚಿನಲ್ಲಿ, ಅವರ ಕಣ್ಣೆದುರೇ ಕಟ್ಟಿಸಬೇಕೆಂದು ಆದೇಶವಾಯಿತು. ಮೆಟ್ಟಿಲಿಳಿಯುವಾಗ ಸೊಸೆ ಪೇಂಟರಣ್ಣನ ಕೈ ಹಿಡಿದುಕೊಂಡಳು; ಇನ್ನು ಮೇಲೆ ತನ್ನ ಗಿರಾಕಿಗಳ ಬಣ್ಣದ ಕೆಲಸವೆಲ್ಲ ನಿಮಗೇ ಅಂದಳು. ಅಷ್ಟರಲ್ಲಿ ಜೊತೆಗೆ ಬಂದಿದ್ದ ಅತ್ತೆ ಕಚೇರಿಯ ಬೆಂಚಿನ ಮೇಲೆ ಕೂತಿದ್ದ ಗುರುತು ಪರಿಚಯವಿಲ್ಲದ ದಂಪತಿಯನ್ನು ಮಾತಿಗೆಳೆದಿದ್ದರು.

“ಮನೆ ತಗೊಳ್ಳೋದಾದ್ರೆ ನಮ್ಮ ಸೊಸೆಗೆ ಒಂದು ಸಲ ತೋರಿಸಿ. ಅವಳ ಕಣ್ಣು ತಪ್ಪಿಸೋಕೆ ಆಗಲ್ಲ.”

“ಅತ್ತೆ, ಮೊದಲು ನೋಡಿದಾಗ ನನಗೂ ತಪ್ಪಿತ್ತಲ್ಲ.”

“ನೀನು ಸುಮ್ನಿರೇ. ಗೆದ್ದ ಮೇಲೆ ಯಾರಾದ್ರೂ ಅದನ್ನ ಹೇಳ್ತಾರಾ?”

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಸುತ್ತಿಗೆ ತಂದ. ಆದೇಶದ ಪ್ರಕಾರ ಯಜಮಾನರೂ ಬಂದು ಬಾಗಿಲ ಬಳಿ ಕೈಕಟ್ಟಿ ನಿಂತರು. ಅತ್ತೆ ಸೆರಗು ಸಿಕ್ಕಿಸಿ, ಮೇಸ್ತ್ರಿಯ ಕೈಯಿಂದ ಸುತ್ತಿಗೆ ಇಸಿದುಕೊಂಡು ಸೊಸೆಯ ಕೈಗಿತ್ತರು. ಮೊದಲ ಏಟು ನಿನ್ನದೇ ಅಂದರು. ಅವಳು ಕಾಲು ಅಗಲಿಸಿ ನಿಂತು ಬೀಸಿದಳು. ಎರಡು ಸಾಲು ಇಟ್ಟಿಗೆ ದಡದಡನೆ ಕುಸಿದು ಕೋಣೆ ತುಂಬ ಕೆಂಪು ಧೂಳೆದ್ದಿತು.

“ಸ್ವಲ್ಪ ಹಿಂದೆ ನಿಲ್ಲಿ ಯಜಮಾನರೇ,” ಎಂದರು ಅತ್ತೆ. “ಬಿಳಿ ಅಂಗಿ, ಕಲೆ ಆದೀತು.” ಆಮೇಲೆ ಸೊಸೆಯ ಕಡೆ ತಿರುಗಿ, “ಇನ್ನೊಂದು ಹಾಕು,” ಅಂದರು.