ನೊರೀನಳ ಕೇಕೂ ಟೀವಿಯ ಕಿವಿಯೂ

ಬೆಂಡೂಲಾ ಊರಿನ ಕೃಷಿ ಪ್ರದರ್ಶನದಲ್ಲಿ ಹಣ್ಣಿನ ಕೇಕಿಗೆ ಕೊಡುವ ಮೊದಲ ಬಹುಮಾನದ ನೀಲಿ ರಿಬ್ಬನ್ ಎಂದರೆ ಅದು ನೊರೀನಳದ್ದೇ. ಒಣದ್ರಾಕ್ಷಿಯನ್ನು ಅವಳು ಯಾವುದರಲ್ಲಿ ನೆನೆಸುತ್ತಾಳೆ ಎನ್ನುವುದು ಕಟ್ಟಿಕೊಂಡ ಗಂಡ ಮರ್ವ್‌ಗೂ ಗೊತ್ತಿರಲಿಲ್ಲ. ಗೊತ್ತಾದರೆ ಬೌಲ್ಸ್ ಆಟದ ಕ್ಲಬ್ಬಿನಲ್ಲಿ ಒಂದು ಬಿಯರ್ ಒಳಗೆ ಹೋದದ್ದೇ ತಡ, ಊರಿಗೆಲ್ಲ ಒದರಿಬಿಡುವ ಆಸಾಮಿ ಅವನು.

ಈ ಸಲ ಪ್ರದರ್ಶನ ಹತ್ತಿರ ಬಂದಾಗಲೇ ಎಡವಟ್ಟಾಯಿತು. ಹೊಸ ಸ್ಮಾರ್ಟ್ ಟೀವಿಯ ಧೂಳು ಒರೆಸುತ್ತ, "ಚಹಾ ಇನ್ನೂ ಸ್ವಲ್ಪ ಕಡುವಾಗ್ಬೇಕು, ಆಮೇಲೆ ದ್ರಾಕ್ಷಿ" ಎಂದು ಗೊಣಗಿಬಿಟ್ಟಳು. ಸಂಜೆ ಅದೇ ಟೀವಿಯಲ್ಲಿ ಚಹಾಪುಡಿಯ ಜಾಹೀರಾತು! ನೊರೀನ್ ಗಂಡನ ಕಡೆ ತಿರುಗಿದಳು.

"ಮರ್ವ್, ಇದು ನಮ್ ಮಾತು ಕೇಳಿಸ್ಕೊಳ್ತಿದೆ!"

"ಸೆಟ್ಟಿಂಗ್ಸ್‌ಗೆ ಹೋಗಿ ಮೈಕ್ ಆಫ್ ಮಾಡಿದ್ರಾಯ್ತಪ್ಪ."

"ಜಾಣ ನೀನು! ಕೇಳ್ಬೇಡ ಅಂತ ಅದಕ್ಕೇ ಹೇಳಿದ್ರೆ, ಈ ಮನೇಲಿ ಏನೋ ಗುಟ್ಟಿದೆ ಅಂತ ಗೊತ್ತಾಗಲ್ವಾ?"

ಇಂಥ ತರ್ಕಕ್ಕೆ ಮರ್ವ್ ಎಂದೂ ಎದುರಾಡಿದವನಲ್ಲ. ಚಹಾ ಆರದಿರಲೆಂದು ಟೀಪಾಟಿಗೆ ಉಣ್ಣೆಯ ಟೊಪ್ಪಿಗೆ ಹೆಣೆಯುವ ನೊರೀನ್ ಟೀವಿಗೂ ಒಂದು ಹೆಣೆದಳು. ಮೇಲೊಂದು ಕುಚ್ಚು ಬೇರೆ. ಪಾಪ, ಮರ್ವ್ ಫುಟ್‌ಬಾಲ್ ಪಂದ್ಯವನ್ನು ಅದರೊಳಗೆ ತಲೆ ತೂರಿಸಿ ನೋಡಿದ.

ಆದರೆ ಈಗಾಗಲೇ ಕೇಳಿಸಿಕೊಂಡಿರುವುದನ್ನು ಮರೆಸುವುದು ಹೇಗೆ? ನೊರೀನ್ ದಿನಾ ಬೆಳಿಗ್ಗೆ ಟೊಪ್ಪಿಗೆ ಎತ್ತಿ, "ನನ್ನ ಕೇಕಿನ ಗುಟ್ಟು ವೆಜಿಮೈಟ್! ಒಂದು ದೊಡ್ಡ ಚಮಚ!" ಎಂದು ಕೂಗತೊಡಗಿದಳು. ಬ್ರೆಡ್ಡಿಗೆ ಸವರುವ ಆ ಕರೀ ಉಪ್ಪುಮುದ್ದೆಯನ್ನು ತಲೆ ನೆಟ್ಟಗಿರುವ ಯಾರೂ ಕೇಕಿಗೆ ಹಾಕುವುದಿಲ್ಲ.

ಪ್ರದರ್ಶನದ ದಿನ ಮೇಜಿನ ಮೇಲಿದ್ದ ಉಳಿದವರ ಕೇಕುಗಳೆಲ್ಲ ಕಾಡಿಗೆಯಷ್ಟು ಕಪ್ಪಗಿದ್ದವು. ಪ್ರತಿ ವರ್ಷ ಎರಡನೇ ಬಹುಮಾನಕ್ಕೇ ತೃಪ್ತಿಪಡುತ್ತಿದ್ದ ಗ್ಲೆನಿಸ್ ನೊರೀನಳ ಕಿವಿಯಲ್ಲಿ ಪಿಸುಗುಟ್ಟಿದಳು: "ಟೀವೀಲಿ ವಾರವಿಡೀ ಅದೇ ಜಾಹೀರಾತು ಕಣೇ. ಹಣ್ಣಿನ ಕೇಕಿಗೆ ವೆಜಿಮೈಟ್ ಹಾಕ್ದಿದ್ರೆ ಕೇಕೇ ಅಲ್ವಂತೆ!"

ನೊರೀನ್ ಒಳಗೊಳಗೇ ಹಿಗ್ಗಿದಳು. ತೀರ್ಪುಗಾರ್ತಿಯ ಮನೆಯಲ್ಲೂ ಟೀವಿ ಇರುತ್ತದೆ ಎನ್ನುವುದು ಅವಳಿಗೆ ಹೊಳೆದಿರಲಿಲ್ಲ.

"ಚೆನ್ನಾಗೇ ಬೆಂದಿದೆ, ನೊರೀನ್," ತೀರ್ಪುಗಾರ್ತಿ ಮರುಕದಿಂದ ಹೇಳಿದಳು, "ಆದ್ರೆ ಮುಖ್ಯವಾದದ್ದನ್ನೇ ಮರ್ತುಬಿಟ್ಟಿದ್ದೀರಲ್ಲ."

ರಿಬ್ಬನ್ ಗ್ಲೆನಿಸ್ ಪಾಲಾಯಿತು. ಮನೆಗೆ ಬಂದ ನೊರೀನ್ ಟೊಪ್ಪಿಗೆ ಕಿತ್ತೆಸೆದು, ಟೀವಿಯ ಮುಂದೆ ಕುಳಿತು ಗಳಗಳನೆ ಅತ್ತಳು.

"ತಪ್ಪಾಯ್ತು ಕಣಪ್ಪಾ, ಸುಳ್ಳು ಹೇಳ್ದೆ. ಅದು ಚಹಾ. ಕಡು ಚಹಾ, ಇಡೀ ರಾತ್ರಿ ನೆನೆಸ್ಬೇಕು. ಎಲ್ರಿಗೂ ಹೇಳು. ಆ ತೀರ್ಪುಗಾರ್ತಿಗೆ ಮೊದ್ಲು ಹೇಳು!"

ಟೀವಿ ಸುಮ್ಮನಿತ್ತು. ಹಿಂದೆ ನಿಂತಿದ್ದ ಮರ್ವ್ ಹತ್ತಿರ ಬಂದ.

"ಬೆಳಿಗ್ಗೆ ನಾನೇ ಮೈಕ್ ಆಫ್ ಮಾಡ್ದೆ. ಆ ಟೊಪ್ಪಿ ಕಾಟ ತಪ್ಲಿ ಅಂತ. ಈಗ ನೀನು ಹೇಳಿದ್ದು ಅದಕ್ಕೇನೂ ಕೇಳ್ಸಿಲ್ಲ." ಅವಳತ್ತ ಬಗ್ಗಿ, "ಚಹಾನಾ?" ಎಂದ.

ನೊರೀನ್ ಕಣ್ಣೊರೆಸಿಕೊಂಡು, ಪರ್ಸ್ ತೆಗೆದು, ಇಪ್ಪತ್ತು ಡಾಲರ್ ಅವನ ಕೈಗಿಟ್ಟಳು.

"ಕ್ಲಬ್ಬಿಗೆ ಹೋಗು, ಮರ್ವ್. ಹೊಟ್ಟೆ ತುಂಬ ಬಿಯರ್ ಕುಡಿ."