ಮೂರನೆಯ ಸಿರಿಂಜು

ಒಂದೇ ಕಾಲಿನಲ್ಲಿ ಶೂ, ಕಂದು ಬಣ್ಣ, ಚೂಪು ಮೂತಿ, ಲೇಸು ಬಿಚ್ಚಿಕೊಂಡು ತೂಗುತ್ತಿದೆ, ಈ ಶೂ ನನಗೆ ಗೊತ್ತು, ನೆಲಕ್ಕೆ ಕೆನ್ನೆ ಒತ್ತಿ ಬಿದ್ದುಕೊಂಡು ತೀರಾ ಹತ್ತಿರದಿಂದ ನೋಡಿದ್ದೇನೆ, ನನ್ನ ಮುಂದಿನ ಹಲ್ಲು ಮುರಿದದ್ದು ಇದೇ ಮೂತಿಗೆ, ಈಗ ಇರುವುದು ಕಟ್ಟಿಸಿದ ಹಲ್ಲು — ನಾಲಿಗೆ ತಾನಾಗಿಯೇ ಅಲ್ಲಿಗೆ ಹೋಗುತ್ತದೆ — ಟ್ರಾಲಿ ಗೋಡೆಗೆ ಬಡಿಯಿತು, ನಾಲ್ಕು ಜನ ಹಿಡಿದರೂ ಹಿಡಿತಕ್ಕೆ ಸಿಗುತ್ತಿಲ್ಲ, ವಾರ್ಡ್‌ಬಾಯ್‌ನ ಎದೆಗೆ ಒದ್ದ, ಹಿರಿಯ ನರ್ಸಮ್ಮನ ಕನ್ನಡಕ ಹಾರಿ ಎಲ್ಲೋ ಬಿತ್ತು, ತಲೆಯ ಹಿಂಭಾಗ ಒಡೆದು ರಕ್ತ ಮುಖದ ಮೇಲೆಲ್ಲ ಹರಿದಿದೆ, ಮುಖ ನೋಡಿ ಇಂಥವನೆಂದು ಹೇಳುವ ಹಾಗಿಲ್ಲ, ಆದರೂ ಇವನು ಭಾವನೇ, ಅಕ್ಕನ ಗಂಡ, ಆ ಗಂಟಲು ನನಗೆ ಗೊತ್ತಿಲ್ಲವೇ. ಏನಾಯ್ತು, ಯಾರು ಹೊಡೆದ್ರು, ನಾನೆಲ್ಲಿದೀನಿ, ಬಿಡ್ರೋ ನನ್ನ, ಏನಾಯ್ತು, ಯಾರು ಹೊಡೆದ್ರು — ಕೇಳಿದ್ದನ್ನೇ ಕೇಳುತ್ತಿದ್ದಾನೆ. ಆಂಬುಲೆನ್ಸಿನವನು ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ ಹೇಳುತ್ತಾನೆ, ಮೆಟ್ಟಿಲಿಂದ ಬಿದ್ರಂತೆ ಡಾಕ್ಟ್ರೇ, ಹೆಂಡತಿ ಜೊತೇಲೇ ಬಂದಿದಾರೆ, ಹೊರಗೆ ಬೆಂಚ್ ಮೇಲೆ ಕೂತಿದಾರೆ. ಮೆಟ್ಟಿಲಂತೆ. ಅಕ್ಕನ ಮನೆಯಲ್ಲಿ ಮೆಟ್ಟಿಲೇ ಇಲ್ಲ, ಬೀದಿಯಿಂದ ನೇರವಾಗಿ ಹಾಲಿಗೆ ಕಾಲಿಡಬಹುದು — ಅಯ್ಯೋ ಅಕ್ಕ, ಏನು ಮಾಡಿಬಿಟ್ಟೆ.

ಗಂಟಲಿಗೆ ಟ್ಯೂಬ್ ಹಾಕಲೇಬೇಕು, ಹಿಂಗೆ ಒದ್ದಾಡ್ತಿದ್ರೆ ಸ್ಕ್ಯಾನ್ ಮಾಡೋಕಾಗಲ್ಲ, ಫಾರ್ಮಸಿ, ಎಲ್ಲಿದೀಯಮ್ಮ, ಮದ್ದು ರೆಡಿ ಮಾಡು, ಡಾಕ್ಟರು ಕೂಗುತ್ತಾರೆ, ಫಾರ್ಮಸಿ ಅಂದರೆ ನಾನು, ಇಲ್ಲಿ ನನಗೆ ಬೇರೆ ಹೆಸರಿಲ್ಲ, ಓದು ಮುಗಿದ ಮೇಲೂ ಆಸ್ಪತ್ರೆಯಲ್ಲೇ ದುಡಿದು ಕಲಿಯುತ್ತಿರುವ ರೆಸಿಡೆಂಟು, ಗುಳಿಗೆ ಎಣಿಸೋಕೆ ಇಷ್ಟೊಂದು ಓದಬೇಕೇನೇ ಅಂತ ಅಮ್ಮ ಈಗಲೂ ನಗಾಡುತ್ತಾಳೆ. ಬಂದೆ ಡಾಕ್ಟ್ರೇ. ಇವರು ನಮ್ಮ ಭಾವ ಅಂತ ಹೇಳಬೇಕಿತ್ತು, ಒಂದೇ ಮಾತು, ಟ್ರಾಲಿ ಮೇಲೆ ನಿಮ್ಮವರು ಬಂದರೆ ಬಾಯಿಬಿಟ್ಟು ಹೇಳಿ ಪಕ್ಕಕ್ಕೆ ಸರಿಯಿರಿ, ಕೈ ನಡುಗುವುದಕ್ಕೆ ಪ್ರೀತಿಯೂ ಸಾಕು ದ್ವೇಷವೂ ಸಾಕು, ಇದು ತಕ್ಕಡಿ ಹೇಳಿದ್ದು, ತಕ್ಕಡಿ ಅಂದರೆ ನಮಗೆ ಕಲಿಸುವ ಹಿರಿಯ ಮೇಡಂ, ಒಂದು ಹನಿ ಹೆಚ್ಚಾದರೂ ಕಣ್ಣು ಕೆಕ್ಕರಿಸುವವರು, ಇವತ್ತು ಅವರು ಮೇಲಿನ ಐಸಿಯುನಲ್ಲಿದ್ದಾರೆ, ಇಲ್ಲಿ ನಾನೊಬ್ಬಳೇ, ನನ್ನ ಕೈ ನಡುಗುತ್ತಿಲ್ಲ, ನೋಡಿ, ಒಂಚೂರೂ ನಡುಗುತ್ತಿಲ್ಲ, ಆಮೇಲೆ ಹೇಳಿದರಾಯಿತು. ಮೊದಲ ಸಿರಿಂಜು ನಿದ್ದೆಯದು, ಎಡಕ್ಕೆ. ಎರಡನೆಯದು ಮೈ ಕಟ್ಟುವುದು, ಕೆಂಪು ಲೇಬಲ್, ಬಲಕ್ಕೆ, ಅದು ಹೋದರೆ ಕೈಯಿಲ್ಲ ಕಾಲಿಲ್ಲ ರೆಪ್ಪೆಯಿಲ್ಲ ಉಸಿರಿಲ್ಲ, ಯಂತ್ರವೇ ಉಸಿರು ಹಾಕಬೇಕು. ಎಡದ್ದು ಮೊದಲು, ಬಲದ್ದು ಆಮೇಲೆ, ತಿರುವುಮುರುವಾದರೆ ಮನುಷ್ಯ ಎಚ್ಚರವಾಗಿಯೇ ಕಲ್ಲಾಗುತ್ತಾನೆ — ಒಂದು ಕ್ಷಣ, ಸುಳ್ಳೇಕೆ, ಬಲದ್ದನ್ನೇ ಮೊದಲು ಎತ್ತಿಕೊಟ್ಟರೆ ಅಂತ ಅನ್ನಿಸಿತು, ಚೆನ್ನಾಗಿಯೇ ಅನ್ನಿಸಿತು, ಬಿಸಿ ಬಿಸಿಯಾಗಿ, ಆದರೆ ನರ್ಸಮ್ಮ ಕನ್ನಡಕ ಇಲ್ಲದಿದ್ದರೂ ಲೇಬಲ್ ಕಣ್ಣಿಗೆ ಹಿಡಿದು ಓದಿಯೇ ಚುಚ್ಚುವವರು. ಎಡದ್ದನ್ನೇ ಕೊಟ್ಟೆ.

ನಿದ್ದೆ ಮದ್ದು, ಪೂರ್ತಿ ಸಿರಿಂಜು, ಅಂತ ಗಟ್ಟಿಯಾಗಿ ಹೇಳಿದೆ, ನರ್ಸಮ್ಮ ಅದನ್ನೇ ಮತ್ತೆ ಹೇಳಿ ಒತ್ತಿದರು. ಯಾರು ಹೊಡೆದ್ರು ಅನ್ನುತ್ತಿದ್ದವನ ಮಾತು ಅರ್ಧಕ್ಕೆ ನಿಂತಿತು. ಆಮೇಲೆ ಕೆಂಪು ಲೇಬಲ್ಲಿನದು, ಮೈಯೆಲ್ಲ ಸಡಿಲಾಗಿ, ಒದೆಯುತ್ತಿದ್ದ ಕಾಲು ದೊಪ್ಪನೆ ಬಿತ್ತು, ಆ ಕಾಲು ಹೀಗೆ ತೆಪ್ಪಗೆ ಮಲಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅಕ್ಕನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ದಿನಗಳು, ಗೋಡೆಯಾಚೆ ಟಿವಿ, ಹೊಡೆಯುವುದಕ್ಕೆ ಮುಂಚೆ ಸೌಂಡ್ ಏರಿಸುತ್ತಿದ್ದ, ಅದೊಂದು ಮರ್ಯಾದೆ ಅವನಿಗೆ, ಅಕ್ಕಪಕ್ಕದವರಿಗೆ ಕೇಳಬಾರದು, ಸುದ್ದಿ ಓದುವವಳ ದನಿ ಗೋಡೆ ನಡುಗಿಸುತ್ತಿತ್ತು, ಕಿಟಕಿ ಹಾಕೇ, ಅನ್ನುತ್ತಿದ್ದ, ಅಕ್ಕ ಹೋಗಿ ಹಾಕುತ್ತಿದ್ದಳು, ತನ್ನ ಕೈಯಾರೆ, ಒಂದು ಸಲ ನಾನು ನುಗ್ಗಿ ಅವನ ಕುತ್ತಿಗೆಗೆ ಜೋತುಬಿದ್ದೆ, ಕಚ್ಚಿದೆ, ಭುಜದ ಮಾಂಸ ಬಾಯಿಗೆ ಬಂತು, ಆಗಲೇ ಶೂ, ಆಗಲೇ ಹಲ್ಲು. ಹೊಂದಿಕೊಂಡು ಹೋಗಬೇಕಮ್ಮ, ಅಂತ ಅಮ್ಮ ಫೋನಿನಲ್ಲಿ. ಅಕ್ಕನ ದವಡೆ ಮುರಿದಾಗ ತಂತಿ ಕಟ್ಟಿದ್ದು ಇದೇ ಆಸ್ಪತ್ರೆ, ಇದೇ ಕಟ್ಟಡ, ಬಚ್ಚಲಲ್ಲಿ ಜಾರಿದ್ಳು ಡಾಕ್ಟ್ರೇ, ಹೇಳಿದ್ರೂ ಕೇಳಲ್ಲ, ಸೋಪಿನ ನೀರಲ್ಲೇ ಓಡಾಡ್ತಾಳೆ, ಅಂತ ಮಂಚದ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದ, ಸುಲಿದು ಸುಲಿದು ತಾನೇ ತಿನ್ನುತ್ತಿದ್ದ, ಬಾಯಿ ತೆಗೆಯಲಾಗದವಳ ಮುಂದೆ.

ಟ್ಯೂಬ್ ಕೂತ್ಕೊಂತು, ಭೇಷ್, ಅಂದರು ಡಾಕ್ಟರು, ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು, ನರ್ಸಮ್ಮನಿಗೆ ಕನ್ನಡಕ ಸಿಕ್ಕಿತು, ಒಂದು ಗಾಜು ಸೀಳಿದೆ. ಈ ಹೊತ್ತೇ ಹೊತ್ತು, ತಕ್ಕಡಿ ಬಾರಿ ಬಾರಿ ಹೇಳುವುದು ಇದನ್ನೇ, ಟ್ಯೂಬ್ ಹೋದ ಕೂಡಲೇ ಎಲ್ಲರೂ ಮೈಮರೆಯುತ್ತಾರೆ, ಒಬ್ಬರು ಫೋನಿಗೆ, ಒಬ್ಬರು ಸ್ಕ್ಯಾನಿಗೆ, ಆಗ ನೀವು ಮೈಮರೆಯುವ ಹಾಗಿಲ್ಲ, ನಿದ್ದೆಯ ಮದ್ದು ಬೇಗ ಇಳಿಯುತ್ತೆ, ಮೈ ಕಟ್ಟುವುದು ಇಳಿಯಲ್ಲ, ನಡುವೆ ರೋಗಿ ಎದ್ದುಬಿಡ್ತಾನೆ, ಎದ್ದಿದ್ದು ಯಾರಿಗೂ ಗೊತ್ತಾಗಲ್ಲ, ಅದಕ್ಕೇ ಮೂರನೆಯ ಸಿರಿಂಜು, ಪಂಪಿಗೆ ಹಾಕಿ ಹನಿ ಹನಿಯಾಗಿ ಬಿಡುವ ನಿದ್ದೆ, ಅದನ್ನ ನೆನಪಿಸೋದು ನಿಮ್ಮ ಕೆಲಸ, ಇನ್ಯಾರದ್ದೂ ಅಲ್ಲ. ಮಾತಲ್ಲಿ ಹೇಳಿ ಬಿಡುವವರಲ್ಲ ಅವರು, ನಮ್ಮನ್ನೆಲ್ಲ ಸರದಿಯ ಮೇಲೆ ಖಾಲಿ ಟ್ರಾಲಿಯಲ್ಲಿ ಮಲಗಿಸಿದ್ದರು, ರೆಪ್ಪೆಯೂ ಅಲುಗಬಾರದು, ಉಳಿದವರು ಮೇಲೆ ನಿಂತು ಮಾತಾಡಬೇಕು, ಮೂಗಿಗೆ ಹತ್ತಿ ಸವರಬೇಕು, ಪಾದಕ್ಕೆ ಪೆನ್ನು ಚುಚ್ಚಬೇಕು, ನಾನು ಸೀನಿ ಎಲ್ಲರನ್ನೂ ನಗಿಸಿದ್ದೆ, ತಕ್ಕಡಿ ನಗಲಿಲ್ಲ, ನಿನಗೆ ಸೀನೋಕಾದರೂ ಆಯ್ತಲ್ಲಮ್ಮ, ಅಂದರು. ಮೂರನೆಯದು ಸಿದ್ಧವಾಗಿದೆ, ದೊಡ್ಡ ಸಿರಿಂಜು, ಹಾಲಿನ ಹಾಗೆ ಬೆಳ್ಳಗೆ, ನಾನೇ ತುಂಬಿ ಪಂಪಿನಲ್ಲಿ ಕೂರಿಸಿದ್ದೇನೆ, ಗುಂಡಿ ಒತ್ತುವುದೊಂದೇ ಬಾಕಿ, ಡಾಕ್ಟ್ರೇ ಶುರು ಮಾಡೋಣವಾ, ಅಷ್ಟೇ ಮಾತು. ಡಾಕ್ಟರು ಬೆನ್ನು ತಿರುಗಿಸಿ ಫೋನಿನಲ್ಲಿದ್ದಾರೆ, ಸ್ಕ್ಯಾನಿನಲ್ಲಿ ಇನ್ಯಾರೋ ಇದ್ದಾರಂತೆ, ಕಾಯಬೇಕಂತೆ. ನಾನು ಬಾಯಿ ಮುಚ್ಚಿಕೊಂಡೆ. ಮರೆತು ಅಲ್ಲ. ಮರೆತೆ ಅಂತ ಆಮೇಲೆ ಹೇಳಬಹುದು, ಎಲ್ಲರೂ ಮರೆಯುವುದೇ ಅದು, ಬೈಸಿಕೊಂಡರಾಯಿತು. ರಕ್ತ ನಿಲ್ಲಲಿ ಅಂತ ಚಿಕ್ಕ ಡಾಕ್ಟರು ತಲೆಗೆ ಹೊಲಿಗೆ ಶುರುಮಾಡಿದರು, ಮರಗಟ್ಟಿಸುವ ಇಂಜೆಕ್ಷನ್ ಇಲ್ಲದೆ, ಹೇಗೂ ನಿದ್ದೆ ಅಲ್ವಾ ಅಂತ, ಡೊಂಕು ಸೂಜಿ ಚರ್ಮದೊಳಗೆ ಹೋಗುತ್ತದೆ, ಎಳೆಯುತ್ತದೆ, ಹೊರಗೆ ಬರುತ್ತದೆ, ಮತ್ತೆ ಹೋಗುತ್ತದೆ, ನಾನು ಮಾನಿಟರ್ ನೋಡುತ್ತಿದ್ದೇನೆ, ನಾಡಿ ಏರುತ್ತಿದೆ, ಪ್ರತಿ ಚುಚ್ಚಿಗೂ ಒಂದಿಷ್ಟು — ಎದ್ದಿದ್ದಾನೆ. ಎದ್ದಿದ್ದಾನೆ! ಚುಚ್ಚು, ಇನ್ನೂ ಚುಚ್ಚು, ಬುರುಡೆ ತಾಗುವ ತನಕ ಚುಚ್ಚು, ಒಂದು ಅಕ್ಕನ ದವಡೆಗೆ, ಒಂದು ಅವನು ಮುರಿದ ಅವಳ ಬೆರಳಿಗೆ, ಅವಳು ಕಿಟಕಿ ಮುಚ್ಚಿದ ಪ್ರತಿಯೊಂದು ದಿನಕ್ಕೂ ಒಂದೊಂದು, ನಾಡಿ ಏರ್ತಿದೆಯಲ್ಲ, ಅಂದರು ಚಿಕ್ಕ ಡಾಕ್ಟರು, ಫಾರ್ಮಸಿ, ಏನಾದ್ರೂ ಕೊಡಬೇಕಾ, ಅಂತ ನನ್ನನ್ನೇ ಕೇಳಿದರು, ನೇರವಾಗಿ, ಮುಖ ನೋಡಿ. ರಕ್ತ ಹೋಗಿದೆಯಲ್ಲ ಡಾಕ್ಟ್ರೇ, ಅದಕ್ಕಿರಬೇಕು, ಅಂದೆ. ಎಷ್ಟು ಸಲೀಸಾಗಿ ಬಂತು ಮಾತು. ಅವರು ದಾರ ಕತ್ತರಿಸಿ ಸ್ಕ್ಯಾನ್ ರೂಮಿನ ಕಡೆ ಹೋದರು, ಪರದೆಯೊಳಗೆ ನಾವಿಬ್ಬರೇ, ನಾನು ಬಗ್ಗಿ ಅವನ ಕಿವಿಗೆ ಬಾಯಿಟ್ಟು, ಭಾವ, ಕೇಳಿಸ್ತಿದೆಯಾ, ನಾನು ಪುಟ್ಟಿ, ಅಂದೆ. ನಾಡಿ ಜಿಗಿಯಿತು. ನನಗೆ ನಗು ಬಂತು.

ಬಾಮ್ಮ, ಸ್ಕ್ಯಾನಿಗೆ ಹೋಗೋ ಮುಂಚೆ ಒಂದ್ಸಲ ನೋಡಿಕೊಂಡು ಬಿಡು, ಅಂತ ನರ್ಸಮ್ಮ ಪರದೆ ಸರಿಸಿದರು, ಒಳ್ಳೆ ಮನಸ್ಸಿನ ಹೆಂಗಸು, ತಮ್ಮ ಕನ್ನಡಕ ಒಡೆದವನ ಹೆಂಡತಿಯ ಮೇಲೂ ಕರುಣೆ, ಒಳಗೆ ಬಿಟ್ಟು ಹೊರಟುಹೋದರು, ಅಕ್ಕ ನಿಂತಿದ್ದಾಳೆ, ಬರಿಗಾಲು, ಅಂಗೈಯಲ್ಲಿ ಸುಟ್ಟ ಬೊಬ್ಬೆ, ಪುಟ್ಟಿ ನೀನಿಲ್ಲೇ ಇದೀಯಾ, ದೇವ್ರೇ, ನೀನಿಲ್ಲೇ ಇದೀಯಾ, ಅಂತ ನನ್ನ ತೋಳು ಹಿಡಿದಳು, ಇವರಿಗೆ ಎಚ್ಚರ ಇಲ್ಲ ತಾನೇ, ಅಂತ ಕೇಳಿದಳು. ಹೇಳು, ಈಗಲೇ ಹೇಳು, ಅಂತ ಒಳಗೊಳಗೇ ನನಗೆ ನಾನು, ಇದೆ ಅಕ್ಕ, ಕೇಳಿಸುತ್ತೆ, ನಾನೇ ಎಚ್ಚರ ಇಟ್ಟಿದ್ದೇನೆ ಅಂತ ಹೇಳು — ಯಾವ ಮುಖದಲ್ಲಿ ಹೇಳಲಿ, ಸುಮ್ನಿರು, ಹೊರಗೆ ಹೋಗು ಅಂದೆ, ಅವಳು ಕೇಳಿಸಿಕೊಳ್ಳಲಿಲ್ಲ, ಅವಳ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದಾಗಿತ್ತು. ನಾನೇ ಹೊಡ್ದೆ ಪುಟ್ಟಿ, ಊಟಕ್ಕೆ ಬಂದಿದ್ರು, ಒಂದು ಶೂ ಬಿಚ್ಚಿದ್ದೆ, ಟಿವಿ ಸೌಂಡ್ ಜಾಸ್ತಿ ಮಾಡಿದ್ರು, ಕಿಟಕಿ ಹಾಕು ಅಂದ್ರು, ಎದ್ದು ಕುರ್ಚಿ ಹಿಂದೆ ಹೋದೆ, ಇಸ್ತ್ರಿ ಪೆಟ್ಟಿಗೆ ಅಲ್ಲೇ ಇತ್ತು, ಬಿಸಿ ಇತ್ತು, ಎರಡು ಕೈಯಲ್ಲೂ ಎತ್ತಿ ಹಾಕ್ದೆ, ಆ ಸೌಂಡಲ್ಲಿ ನಾನು ಬಂದಿದ್ದೇ ಗೊತ್ತಾಗ್ಲಿಲ್ಲ ಇವರಿಗೆ, ಆಂಬುಲೆನ್ಸಲ್ಲಿ ದಾರಿಯುದ್ದಕ್ಕೂ ಯಾರು ಹೊಡೆದ್ರು ಅಂತ ನನ್ನನ್ನೇ ಕೇಳ್ತಿದ್ರು ಪುಟ್ಟಿ, ನನ್ನ ಕೈ ಹಿಡ್ಕೊಂಡು! ನಾನು ಅವಳ ಬಾಯಿಗೆ ಕೈ ಅಡ್ಡ ಇಟ್ಟೆ, ಎಲ್ಲ ಹೇಳಿ ಆದ ಮೇಲೆ. ಗೊತ್ತಿರಲಿಲ್ಲ ಅವನಿಗೆ. ತಲೆಗೆ ಪೆಟ್ಟು ಬಿದ್ದವರಿಗೆ ಪೆಟ್ಟಿನ ಗಳಿಗೆ ಅಳಿಸಿಹೋಗುತ್ತದೆ, ಎಷ್ಟೋ ಸಲ ಮರಳಿ ಬರುವುದೇ ಇಲ್ಲ, ಮೆಟ್ಟಿಲು ಅಂದರೆ ಮೆಟ್ಟಿಲು ಅಂತಲೇ ನಂಬುತ್ತಿದ್ದ, ಅಕ್ಕ ಬಚಾವಾಗಿದ್ದಳು, ಈ ಪರದೆಯೊಳಗೆ ಕಾಲಿಡುವ ತನಕ ಬಚಾವಾಗಿದ್ದಳು, ಮೂರನೆಯದನ್ನು ಹೊತ್ತಿಗೆ ಸರಿಯಾಗಿ ಒತ್ತಿದ್ದರೆ ಇವನು ಈಗ ಏನೂ ಕೇಳಿಸದೆ ಹೆಣದ ಹಾಗೆ ಮಲಗಿರುತ್ತಿದ್ದ. ಒತ್ತಿದೆ, ಈಗ ಒತ್ತಿದೆ, ಬಿಳಿ ಮದ್ದು ಕೊಳವೆಯಲ್ಲಿ ಇಳಿಯುತ್ತಿದೆ, ಇದು ಮುಂದಿನದನ್ನು ಮರೆಸುತ್ತದೆ, ಹಿಂದೆ ಕೇಳಿದ್ದನ್ನು ಮರೆಸುವ ಮದ್ದು ನಮ್ಮ ಕಪಾಟಿನಲ್ಲಿಲ್ಲ, ಯಾರ ಕಪಾಟಿನಲ್ಲೂ ಇಲ್ಲ, ಯಾಕೆ ಪುಟ್ಟಿ, ಏನಾಯ್ತು, ಯಾಕೆ ಹಿಂಗೆ ನೋಡ್ತಿದೀಯಾ, ಅಕ್ಕ ಕೇಳುತ್ತಾಳೆ, ಇವರ ಕಣ್ಣಲ್ಲಿ ನೀರು ಬರ್ತಿದೆಯಲ್ಲೇ — ಮುಚ್ಚಿದ ರೆಪ್ಪೆಯ ತುದಿಯಲ್ಲಿ ಒಂದು ಹನಿ, ಒಣಗಿದ ರಕ್ತದ ಮೇಲೆ ದಾರಿ ಮಾಡಿಕೊಂಡು ಕಿವಿಯ ಕಡೆಗೆ, ಅಕ್ಕ ಸೆರಗಿನಿಂದ ಒರೆಸಿದಳು, ಅಭ್ಯಾಸ, ಮತ್ತೊಂದು ಬಂತು, ಅದನ್ನೂ ಒರೆಸಿದಳು, ಮತ್ತೊಂದು, ರೆಪ್ಪೆಯ ತುದಿಯಲ್ಲಿ ತುಂಬಿ, ನಿಂತು, ಜಾರಿ, ಕಿವಿಯ ಕಡೆಗೆ, ಮತ್ತೊಂದು.