ಕೈಗುಣ

ವಿದ್ಯುತ್ ಚಿತಾಗಾರದ ಆಪರೇಟರ್ ಮೂರನೇ ಸಲ ಗುಂಡಿ ಒತ್ತಿದ. ಕಂಟ್ರೋಲ್ ಪೆಟ್ಟಿಗೆಯ ದೀಪ ಮಿಣುಕಿ ಆರಿಹೋಯಿತು.

“ಪವರ್ ಸಪ್ಲೈ ಕೈಕೊಟ್ಟಿದೆ. ಮೆಕ್ಯಾನಿಕ್ ಬರೋದು ನಾಳಿದ್ದು. ಅಲ್ಲೀವರೆಗೆ ಐಸ್ ಪೆಟ್ಟಿಗೇಲಿ ಇಡಿ.”

ಸತ್ತವನ ತಮ್ಮ ಹಣೆ ಚಚ್ಚಿಕೊಂಡ. “ನೋಡಿ ಅತ್ತಿಗೆ, ಊರವರ ಟೀವಿಗೆಲ್ಲ ಜೀವ ಕೊಟ್ಟವನಿಗೆ ಎಂಥಾ ಗತಿ! ಅಣ್ಣ ಇದ್ದಿದ್ರೆ ಅರ್ಧ ಗಂಟೆ ಕೆಲಸ. ಏನು ಕೈಗುಣ ಅವನ್ದು!”

ನೆರೆದಿದ್ದ, ಅವನ ರಿಪೇರಿ ಅಂಗಡಿಯ ಗಿರಾಕಿಗಳು ಹೌದೌದೆಂದರು. ಬೆಳಗಿನಿಂದ ಇದೇ ಮಾತು. ಆ ಕೈ ನಡುಗಲು ಶುರುವಾಗಿ ಹನ್ನೆರಡು ವರ್ಷವಾಯಿತೆಂದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಬಾಯಿಬಿಟ್ಟರೆ ಗಂಡನ ಹೆಸರಿಗೆ ಮಸಿ. ಸುಮ್ಮನಿದ್ದರೆ ಅವನಿಗೆ ಇನ್ನೆರಡು ದಿನ ಐಸು. ಚಳಿಯೆಂದರೆ ಆಗದ ಮನುಷ್ಯ!

*

ಹನ್ನೆರಡು ವರ್ಷದ ಹಿಂದೆ, ಅವನ ಬದಲು ರಿಪೇರಿಗೆ ಕೂತ ಮೊದಲ ಸಲ, ಅವಳು ಟೀವಿಯ ಕೆಪ್ಯಾಸಿಟರನ್ನು ತಿರುಗುಮುರುಗಾಗಿ ಕೂರಿಸಿದ್ದಳು. ಸ್ವಿಚ್ ಹಾಕಿದ್ದೇ ತಡ, ಪಟಾಕಿಯಂತೆ ಸಿಡಿಯಿತು. ಅವನು ಬಿದ್ದು ಬಿದ್ದು ನಕ್ಕ. “ಪಟ್ಟೆ ಇರೋ ಕಡೆ ಮೈನಸ್ಸು, ಮಾರಾಯ್ತಿ!”

ಅಂದಿನಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಹೇಳುವುದು, ಅವಳು ಬೆಸೆಯುವುದು. ವರ್ಷದೊಳಗೆ ಹೇಳುವುದೂ ಬೇಕಾಗಲಿಲ್ಲ.

“ನೀನೇ ಮಾಡ್ತಿರೋದು ಅಂತ ಎಲ್ರಿಗೂ ಹೇಳ್ಬಿಡ್ತೀನಿ ಕಣೇ,” ಎಂದು ಅವನು ಎಷ್ಟೋ ಸಲ ಗೋಗರೆದಿದ್ದ.

“ಗಿರಾಕಿ ಓಡಿಹೋಗ್ತಾರೆ. ಬಾಯ್ಮುಚ್ಕೊಂಡಿರಿ.”

ಪಾಪ, ಹಾಗೇ ಇದ್ದ, ಕೊನೆಯವರೆಗೂ.

*

“ಕಂಟ್ರೋಲ್ ಪೆಟ್ಟಿಗೆಯ ಮೇನ್ ಆಫ್ ಮಾಡಿ, ಮುಚ್ಚಳ ಬಿಚ್ಚಿ,” ಎಂದು ಆಪರೇಟರಿಗೆ ಹೇಳಿದಳು. ಮೈದುನನ ಕೈಗೆ ಅಂಗಡಿಯ ಬೀಗದಕೈ ಹಾಕಿದಳು. “ನನ್ನ ಸೋಲ್ಡರಿಂಗ್ ಕಡ್ಡಿ, ಕೆಪ್ಯಾಸಿಟರ್ ಡಬ್ಬ ತನ್ನಿ.”

“ಅತ್ತಿಗೇ, ತಲೆಗಿಲೆ ಕೆಟ್ಟಿದ್ಯಾ?”

“ನಿಮ್ಮನೆ ಟೀವಿ ಮೂರು ಸಲ ರಿಪೇರಿ ಮಾಡಿದ್ದು ಈ ಕೈ. ಕಲಿಸಿದ್ದು ನಿಮ್ಮಣ್ಣ. ಅವರ ಕೈ ನಡುಗ್ತಿತ್ತು. ಈಗ ಓಡಿ!”

ಓಡಿದ. ಗಿರಾಕಿಗಳು ಪೆಟ್ಟಿಗೆಯ ಸುತ್ತ ಮುತ್ತಿಕೊಂಡರು.

ಒಳಗೆ ಮೂರು ಕೆಪ್ಯಾಸಿಟರುಗಳ ನೆತ್ತಿ ಊದಿತ್ತು. ಮೈದುನ ತಂದ ಡಬ್ಬದಿಂದ ಅದೇ ಅಳತೆಯ ಮೂರನ್ನು ಆರಿಸಿ, ಊದಿದವುಗಳಲ್ಲಿ ಉಳಿದಿದ್ದ ಕರೆಂಟು ಇಳಿಸಿ, ಹಳೆಯವನ್ನು ಕಿತ್ತು, ಪಟ್ಟೆಯನ್ನು ಎರಡೆರಡು ಸಲ ನೋಡಿ ಬೆಸೆದಳು. ಮೈದುನ ಟಾರ್ಚ್ ಹಿಡಿದಿದ್ದ.

ಮೇನ್ ಹಾಕಿದರು. ದೀಪ ಹತ್ತಿತು. ಆರಲಿಲ್ಲ! ಕಾವಿನ ಅಂಕಿ ಏರತೊಡಗಿತು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿ ನಾಲಿಗೆ ಕಚ್ಚಿಕೊಂಡರು; ಇನ್ನೊಬ್ಬರು ತಟ್ಟಿದರು; ಆಮೇಲೆ ಎಲ್ಲರೂ. ಹೆಣದ ಮುಂದೆ ಚಪ್ಪಾಳೆ ಎಂದರೆ ನೀವು ನಂಬಲಿಕ್ಕಿಲ್ಲ.

ಅವಳು ಗಂಡನ ಕಿವಿಯ ಬಳಿ ಬಗ್ಗಿದಳು. “ಹೇಳ್ಬಿಟ್ಟೆ ಕಣ್ರೀ,” ಎಂದಳು. ಆಗ ಅಳು ಬಂತು, ಜೊತೆಗೆ ನಗುವೂ.

ಆಪರೇಟರ್ ರಿಜಿಸ್ಟರ್ ತಂದ. “ರಿಪೇರಿ ಮಾಡಿದವರ ಹೆಸರು ಬೇಕಮ್ಮಾ.”

ಮೈದುನ ತನ್ನ ಪೆನ್ನಿನ ಮುಚ್ಚಳ ತೆಗೆದು ಎರಡೂ ಕೈಯಲ್ಲಿ ನೀಡಿದ. ಅವಳು ತನ್ನ ಹೆಸರನ್ನು ಎಷ್ಟು ಒತ್ತಿ ಬರೆದಳೆಂದರೆ, ಕೆಳಗಿನ ಮೂರು ಖಾಲಿ ಹಾಳೆಗಳ ಮೇಲೂ ಅದರ ಅಚ್ಚು ಬಿತ್ತು.